ಹಾರುವ ಗುಂಡಿ

ಭಾನುವಾರ, ಬೆಳಿಗ್ಗೆ ಆರು ಗಂಟೆ. ಹಾಜರಿದ್ದವರು ನಾನು ಮತ್ತು ನಮ್ಮ ಯಜಮಾನರು. ಮನೆಯಲ್ಲಿ ಮೂರನೆಯ ಜೀವವೂ ಒಂದಿತ್ತು. ಆದರೆ ಅದನ್ನು ಹಾಜರಿಗೆ ಸೇರಿಸುವಂತಿರಲಿಲ್ಲ. ರಾತ್ರಿಯೆಲ್ಲ ಕುಣಿದು ಅದು ಆಗತಾನೆ ಮಲಗಿತ್ತು.

ಹೀಗೆ ಹಾಜರಿ ಹಾಕದೆ ನನಗೆ ಮಾತು ಶುರುವಾಗುವುದಿಲ್ಲ. ಬಸವನಗುಡಿ ಕಡೆಯ ಹೆಣ್ಣುಮಕ್ಕಳ ಹಾಸ್ಟೆಲ್ ಒಂದರಲ್ಲಿ ವಾರ್ಡನ್ ಆಗಿದ್ದು ನಿವೃತ್ತಳಾದವಳು ನಾನು. ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಉಣ್ಣುವುದು, ಗಂಟೆ ಹೊಡೆದರೆ ದೀಪ ಆರಿಸುವುದು. ಎಷ್ಟೋ ದೇವರುಗಳು ಕೇಳದಷ್ಟು ಗಂಟೆಯನ್ನು ನಾನು ಕೇಳಿದ್ದೇನೆ. ಹೀಗೆ ಬದುಕಿದವರಿಗೆ ಒಂದು ಭ್ರಮೆ ಹತ್ತಿಕೊಳ್ಳುತ್ತದೆ. ಎದುರಿಗಿರುವುದು ಯಾವ ಪ್ರಾಣಿಯಾದರೂ ಸರಿ, ಎರಡು ವಾರ ಗಟ್ಟಿಯಾಗಿ ಹಿಡಿದರೆ ವೇಳಾಪಟ್ಟಿಗೆ ಬಂದೇ ಬರುತ್ತದೆ ಎಂಬ ಭ್ರಮೆ. ಗೇಟು ಮುಚ್ಚಿದ ಮೇಲೆ ಕಾಂಪೌಂಡು ಹಾರಿ ಬರುತ್ತಿದ್ದ ಹುಡುಗಿಯರನ್ನು ನಾನು ಚಪ್ಪಲಿ ಸದ್ದಿನಲ್ಲೇ ಗುರುತು ಹಿಡಿದು, ಹೆಸರು ಕೂಗಿ ನಿಲ್ಲಿಸುತ್ತಿದ್ದೆ. ಅಂಥ ನನ್ನ ಪಾಲಿಗೆ ಈ ವಯಸ್ಸಿನಲ್ಲಿ ಬಂದದ್ದು ಎರಡು ನಿಂಬೆಹಣ್ಣಿನ ತೂಕದ ಪ್ರಾಣಿ. ಅದಕ್ಕೆ ಹಾರುವುದೇ ಉದ್ಯೋಗ. ಚಪ್ಪಲಿ ಇಲ್ಲ. ನಾನು ದೀಪ ಆರಿಸಿದರೆ ಅದಕ್ಕೆ ಬೆಳಗಾಗುತ್ತದೆ.

ತಂದವರು ಯಜಮಾನರು. ಅವರದು ಜಯನಗರದಲ್ಲಿ ಶಾಲಾ ಯೂನಿಫಾರಂ ಹೊಲಿಯುವ ಅಂಗಡಿ. ಅಲ್ಲಿನ ಅರ್ಧಕ್ಕರ್ಧ ಮಕ್ಕಳ ಅಳತೆ ಅವರ ಕೈಮೇಲೇ ಹಾದುಹೋಗಿದೆ. "ಕೈ ಚಾಚು ಮರಿ" ಎಂದು ಅವರು ಹೇಳಿದರೆ ಎಂಥ ತುಂಟನೂ ಕೈ ಚಾಚಿ ನಿಲ್ಲುತ್ತಿದ್ದ. ಕಣ್ಣು ಮಂಜಾದ ಮೇಲೆ ಅಂಗಡಿ ಮುಚ್ಚಿದರು. ಒಂದು ಹೊಲಿಗೆ ಯಂತ್ರವನ್ನು ಚಿಕ್ಕಲಸಂದ್ರದ ನಮ್ಮ ಮನೆಯ ಹಾಲಿಗೆ ತಂದಿಟ್ಟರು. ಟೇಪನ್ನಂತೂ ಬಿಡಲೇ ಇಲ್ಲ. ಬೇರೆಯವರು ಎದ್ದ ಕೂಡಲೇ ಕನ್ನಡಕ ಹುಡುಕಿದರೆ ಇವರು ಟೇಪು ಹುಡುಕಿ ಕತ್ತಿಗೆ ಹಾಕಿಕೊಳ್ಳುತ್ತಾರೆ. ಹೊರಗೆ ಹೋಗುವಾಗ ಮಾತ್ರ ನನ್ನ ಒತ್ತಾಯಕ್ಕೆ ತೆಗೆದಿಡುತ್ತಾರೆ. ಅಳೆಯಲು ಮನೆಯಲ್ಲಿ ಇರುವುದು ನಾನೊಬ್ಬಳೇ. ನನ್ನ ಅಳತೆಯನ್ನು ಈಗ ಜೋರಾಗಿ ಓದಿ ಹೇಳುವ ಧೈರ್ಯ ಅವರಿಗಿಲ್ಲ.

ಒಂದು ಸಂಜೆ ಎದೆಗೆ ಬಟ್ಟೆಚೀಲ ಅವಚಿಕೊಂಡು ಬಂದರು. "ಹಾರೋ ಅಳಿಲು ಕಣೇ" ಎಂದರು. ನಮ್ಮ ಕಾಡುಗಳಲ್ಲಿರುವ ಹಾರುವ ಅಳಿಲನ್ನು, ಅಂದರೆ ಹಾರುಬೆಕ್ಕನ್ನು, ಸಾಕುವುದು ಕಾನೂನಿಗೆ ವಿರುದ್ಧವೆಂಬುದು ನನಗೆ ಗೊತ್ತು. ಚೀಲದೊಳಗೆ ಇಣುಕುವ ಮೊದಲು ಕಾಗದಪತ್ರ ಕೇಳಿದೆ. ಎಲ್ಲ ಸರಿಯಾಗಿತ್ತು. ಇದು ಬೇರೆ ದೇಶದ ತಳಿ. ಸುದ್ದಗುಂಟೆಪಾಳ್ಯದ ನಮ್ರತಾ ಎಂಬ ಹುಡುಗಿಯ ಮನೆಯಲ್ಲೇ ಹುಟ್ಟಿದ್ದು. ಆಕೆ ಇವನ್ನು ಮಕ್ಕಳಂತೆ ಸಾಕಿ, ನಂಬಿಕೆ ಬಂದವರಿಗೆ ಮಾತ್ರ ಕೊಡುತ್ತಾಳೆ. ಜನ ಹಾರುವ ಅಳಿಲು ಎಂದು ಕರೆದರೂ ಇದು ಅಳಿಲೇ ಅಲ್ಲವಂತೆ. ಕಾಂಗರೂವಿನ ದೂರದ ನೆಂಟ, ಹೆಸರು ಶುಗರ್ ಗ್ಲೈಡರ್. "ಅವಳ ಮನೇಲಿ ನನ್ನ ಅಂಗೈ ಮೇಲೆ ಬಂದು ಕೂತ್ಕೊಳ್ತು ಗಿರಿಜಾ. ಕರೀಲೇ ಇಲ್ಲ, ತಾನಾಗೇ ಬಂತು" ಎಂದರು ಯಜಮಾನರು. ಅವರ ಮುಖ ಅಷ್ಟು ಅರಳಿದ್ದನ್ನು ಅಂಗಡಿ ಮುಚ್ಚಿದ ಮೇಲೆ ನಾನು ನೋಡಿರಲಿಲ್ಲ. ಕಪ್ಪಗೆ ಹೊಳೆಯುವ ಅದರ ಕಣ್ಣುಗಳು ಕೋಟಿನ ಗುಂಡಿಯಂತಿವೆ ಎಂದು ಗುಂಡಿ ಎಂದೇ ಹೆಸರಿಟ್ಟರು. ನಮ್ಮ ಬಡಾವಣೆಯಲ್ಲಿ "ಗುಂಡಿ" ಎಂದು ಕೂಗಿದರೆ ಜನ ಮೊದಲು ರಸ್ತೆ ನೋಡಿಕೊಂಡು ಸ್ಕೂಟರಿಗೆ ಬ್ರೇಕು ಹಾಕುತ್ತಾರೆ ಎಂದು ಹೇಳಿದೆ. ಕೇಳಲಿಲ್ಲ.

ಹೆಸರಿಗಿಂತ ಜಾತಿಯೇ ಹೆಚ್ಚು ತೊಂದರೆ ಕೊಟ್ಟಿತು. ತರಕಾರಿ ಗಾಡಿಯ ಹತ್ತಿರ ಎದುರುಮನೆ ಸರೋಜಮ್ಮ ನಮ್ಮ ಯಜಮಾನರನ್ನು ವಿಚಾರಿಸಿಕೊಂಡಿದ್ದಾರೆ.

"ಏನ್ ಸೋಮಣ್ಣ, ಕಣ್ಣೆಲ್ಲಾ ಕೆಂಪಗಿದೆ?"

"ಮನೆಗೆ ಶುಗರ್ ಬಂದಿದೆಯಮ್ಮ. ರಾತ್ರಿ ನಿದ್ದೆ ಇಲ್ಲ."

"ಯಾರಿಗೆ, ಗಿರಿಜಮ್ಮಂಗಾ?"

"ಹೂಂ, ಅವಳಿಗೇ ಅಂಟ್ಕೊಂಡ್ಬಿಟ್ಟಿದೆ. ನನ್ನ ಹತ್ರ ಸುಳಿಯೋದೇ ಇಲ್ಲ."

"ನಿಮ್ಮ ಪುಣ್ಯ ಅನ್ನಿ. ತಿನ್ನೋಕೆ ಏನು ಕೊಡ್ತಿದ್ದೀರಿ?"

"ಪಪ್ಪಾಯಿ, ಸೇಬು, ಮೇಲೊಂಚೂರು ಜೇನುತುಪ್ಪ. ಜೇನುತುಪ್ಪ ಕಂಡ್ರೆ ಸಾಕು, ಎಗರಾಡುತ್ತೆ."

ಮಧ್ಯಾಹ್ನವೇ ಸರೋಜಮ್ಮ ಒಂದು ಲೋಟ ಹಾಗಲಕಾಯಿ ರಸ ಹಿಡಿದುಕೊಂಡು ಬಂದರು. ಮರುದಿನವೂ ಬಂದರು. ನೆರೆಹೊರೆಯ ವಿಶ್ವಾಸವನ್ನು ತಿರಸ್ಕರಿಸಬಾರದೆಂದು ನಾನು ಮೂಗು ಮುಚ್ಚಿಕೊಂಡು ಕುಡಿದೆ. ಒಂದು ವಾರ ಕಳೆದ ಮೇಲೆ ಅವರು ಮೆಲ್ಲಗೆ ಕೇಳಿದರು, "ಶುಗರ್ ಇಳೀತಾ ಗಿರಿಜಮ್ಮ?"

"ಇಳಿಯುತ್ತೆ. ಆದ್ರೆ ತಿರುಗಿ ನೋಡೋಷ್ಟರಲ್ಲಿ ಪರದೆ ಹತ್ತಿ ಮೇಲೆ ಕೂತಿರುತ್ತೆ."

ಸರೋಜಮ್ಮ ನನ್ನ ಹಣೆ ಮುಟ್ಟಿ ನೋಡಿದರು. ಆಮೇಲೆ ಗುಂಡಿಯನ್ನು ತೋರಿಸಿ ಎಲ್ಲವನ್ನೂ ವಿವರಿಸಬೇಕಾಯಿತು. ಅವರು ನಕ್ಕು ನಕ್ಕು ಬಾಗಿಲ ಹೊಸ್ತಿಲ ಮೇಲೇ ಕೂತುಬಿಟ್ಟರು. ಹಾಗಲಕಾಯಿ ರಸ ಮಾತ್ರ ನಿಲ್ಲಲಿಲ್ಲ. "ಇಲ್ಲದಿದ್ರೂ ಕುಡೀರಿ, ಬರೋದು ತಪ್ಪುತ್ತೆ" ಎಂದರು.

ಇನ್ನು ಗುಂಡಿಯ ಭಾಷೆಯ ವಿಚಾರ. ಅದಕ್ಕೆ ಖುಷಿಯಾದಾಗ ಗಂಟಲಲ್ಲೇ ಗುಬ್ಬಚ್ಚಿಯಂತೆ ಚಿಲಿಪಿಲಿಗುಟ್ಟುತ್ತದೆ. ಒಂಟಿ ಎನಿಸಿದಾಗ ನಾಯಿಮರಿಯಂತೆ ಬೊಗಳುತ್ತದೆ. ಇಷ್ಟು ಸಣ್ಣ ದೇಹದಿಂದ ಬೊಗಳು ಬರುವುದನ್ನು ನಂಬದ ಕೆಳಮನೆಯವರು, ನಾಯಿ ತಂದು ಬಚ್ಚಿಟ್ಟಿದ್ದೀರಾ ಎಂದು ಬಂದು ಮಂಚದ ಕೆಳಗೆಲ್ಲ ಬಗ್ಗಿ ನೋಡಿ ಹೋದರು. ಹೆದರಿದಾಗ ಹೊರಡುವುದು ಮೂರನೆಯ ಸದ್ದು. ಎಣ್ಣೆ ಕಾಣದ ಹೊಲಿಗೆ ಯಂತ್ರವನ್ನು ಜೋರಾಗಿ ತುಳಿದರೆ ಬರುವ ಕರಕರ ಸದ್ದು ಅದು. ಮೊದಲ ದಿನ ಅದನ್ನು ಕೇಳಿದಾಗ ಯಜಮಾನರು ಅಭ್ಯಾಸಬಲದಿಂದ ಎಣ್ಣೆಡಬ್ಬಿ ತೆಗೆದುಕೊಂಡು ಯಂತ್ರದ ಹತ್ತಿರ ಹೋದರು. ಅವರು ಹೋದಷ್ಟೂ ಸದ್ದು ಹೆಚ್ಚಿತು. ಆಮೇಲೆ ತಿಳಿಯಿತು, ಕೆಟ್ಟದ್ದು ಯಂತ್ರವಲ್ಲ, ಗುಂಡಿಯ ಮನಸ್ಸು. ಅದೂ ಅವರ ಮೇಲೆಯೇ.

ಸದ್ದಿಗಿಂತ ದೊಡ್ಡ ಭಾಷೆ ವಾಸನೆಯಂತೆ. ಗಂಡು ಗ್ಲೈಡರಿನ ನೆತ್ತಿಯಲ್ಲಿ ಒಂದು ಬೋಳು ಮಚ್ಚೆ ಇರುತ್ತದೆ. ತನ್ನವರೆನಿಸಿದವರಿಗೆ ಅದನ್ನು ಉಜ್ಜಿ ವಾಸನೆ ಹಚ್ಚುತ್ತದೆ. ಒಂದು ಸಲ ಹಚ್ಚಿತೆಂದರೆ ನೀವು ಆ ಮನೆತನಕ್ಕೆ ಸೇರಿದಿರಿ. ನಮ್ಮ ಯಜಮಾನರ ತಲೆಯೂ ಹೆಚ್ಚು ಕಡಿಮೆ ಅದೇ ವಿನ್ಯಾಸದ್ದು. ಬೋಳಿಗೆ ಬೋಳು ಬೇಗ ಹೊಂದಿಕೊಳ್ಳುತ್ತದೆಂದು ನಾನು ಎಣಿಸಿದ್ದೆ. ಹಾಗಾಗಲಿಲ್ಲ. ಗುಂಡಿ ತಲೆ ಉಜ್ಜಿದ್ದು ನನ್ನ ಗಲ್ಲಕ್ಕೆ.

ನಾನು ಅದನ್ನು ಮುದ್ದು ಮಾಡಿದವಳಲ್ಲ. ಸಂಜೆ ಐದೂವರೆಗೆ ಹಣ್ಣು ಹೆಚ್ಚಿ ಇಡುತ್ತಿದ್ದೆ, ಆರಕ್ಕೆ ಗೂಡು ಒರೆಸುತ್ತಿದ್ದೆ. ನಡುವೆ ಮಾತಿಲ್ಲ ಕತೆಯಿಲ್ಲ. ಮೂರನೆಯ ದಿನ ಅದು ನನ್ನ ತೋಳೇರಿತು, ಐದನೆಯ ದಿನ ಸೊಂಟಕ್ಕಿಳಿಯಿತು. ಯಜಮಾನರು ಅದಕ್ಕೆಂದು ಮೆತ್ತನೆಯ ಬಟ್ಟೆಯಲ್ಲಿ ಸಂಚಿ ಹೊಲಿದಿದ್ದರು. ನಮ್ಮಜ್ಜಿ ಎಲೆಅಡಿಕೆ ತುಂಬಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಂಥದ್ದೇ. ಅವರು ತಮಗಾಗಿ ಹೊಲಿದ ಸಂಚಿ ನನ್ನ ಸೊಂಟ ಸೇರಿತು. ನಮ್ರತಾ ಫೋನಿನಲ್ಲಿ ಹೇಳಿದಳು, "ಆಂಟಿ, ನೀವು ದಿನಾ ಒಂದೇ ಟೈಮಿಗೆ ಹೋಗ್ತೀರಿ, ದಿನಾ ಒಂದೇ ವಿಭೂತಿ ವಾಸನೆ. ಅದಕ್ಕೆ ನೀವು ಅಂದ್ರೆ ಧೈರ್ಯ." ಇಷ್ಟು ವರ್ಷದ ನನ್ನ ಶಿಸ್ತನ್ನು ಯಾರೂ ಇಷ್ಟು ಚೆನ್ನಾಗಿ ಹೊಗಳಿರಲಿಲ್ಲ. ಹಾಸ್ಟೆಲಿನ ಹುಡುಗಿಯರೆಲ್ಲ ಅದಕ್ಕೆ ಇಟ್ಟಿದ್ದ ಹೆಸರೇ ಬೇರೆ.

ಹೊಗಳಿಕೆ ಕೇಳಿ ಉಬ್ಬಿದವಳಿಗೆ ಯಜಮಾನರ ಮುಖ ಕಾಣಲು ತಡವಾಯಿತು. ಸಂಜೆ ಸಂಜೆ ಅವರು ಅಂಗೈಯಲ್ಲಿ ಜೇನುತುಪ್ಪ ಸವರಿಕೊಂಡು ಪರದೆಯ ಕೆಳಗೆ ನಿಲ್ಲುತ್ತಿದ್ದರು. "ಬಾ ಮರಿ, ಬಾ ಚಿನ್ನ" ಎಂದು ಕರೆದರೆ ಮೇಲಿನಿಂದ ಕರಕರ ಸದ್ದು ಕೇಳಿಸುತ್ತಿತ್ತು. ಜೇನು ಒಣಗಿದ ಮೇಲೆ ಹೋಗಿ ಕೈ ತೊಳೆದುಕೊಂಡು ಬರುತ್ತಿದ್ದರು. ಒಂದು ದಿನ ಊಟದ ನಡುವೆ ಹೇಳಿದರು, "ನಾನು ಕರೆದ್ರೆ ಬರದೇ ಇದ್ದ ಮಗು ಇರಲಿಲ್ಲ ಗಿರಿಜಾ. ಸೂಜಿ ಡಾಕ್ಟ್ರು ಅಂದ್ಕೊಂಡು ಅಳೋ ಮಕ್ಕಳೂ ಒಂದು ನಿಮಿಷಕ್ಕೆ ಕೈ ಚಾಚ್ತಿದ್ವು. ಈಗ ಕೈಯಲ್ಲೇ ಏನೋ ಹೋಗಿದೆ." ನಾನು ಸಾರು ಬಡಿಸಿದೆ. ಅವರು ತಟ್ಟೆ ನೋಡುತ್ತಾ ಮುಂದುವರಿಸಿದರು, "ನಮ್ರತಾಗೆ ಹೇಳಿದ್ದೀನಿ. ಭಾನುವಾರ ಸಂಜೆ ಬಂದು ಕರ್ಕೊಂಡು ಹೋಗ್ತಾಳೆ. ಹೆದರ್ಕೊಂಡು ಒಂದು ಜೀವ ನಮ್ಮನೇಲಿ ಯಾಕಿರಬೇಕು?"

ಗುಂಡಿಯನ್ನು ವಾಪಸ್ಸು ಕೊಡಿ ಎಂದು ದಿನಕ್ಕೊಂದು ಸಲ ಹೇಳುತ್ತಿದ್ದವಳು ನಾನೇ. ಪರದೆ ಹರಿದಿದೆ, ನಿದ್ದೆ ಕೆಟ್ಟಿದೆ, ದೇವರ ಮುಂದಿಟ್ಟ ದ್ರಾಕ್ಷಿ ಕದ್ದಿದೆ ಎಂದು ಆರೋಪಪಟ್ಟಿಯನ್ನೇ ಓದುತ್ತಿದ್ದೆ. ಈಗ ಒಪ್ಪಿಗೆ ಸಿಕ್ಕಾಗ ಆ ಪಟ್ಟಿಯ ಒಂದು ಆರೋಪವೂ ನೆನಪಿಗೆ ಬರಲಿಲ್ಲ.

ಹಾಗಾಗಿ ಆ ಭಾನುವಾರ ಬೆಳಿಗ್ಗೆ ಆರಕ್ಕೆ ನಾನು ಯಜಮಾನರನ್ನು ಎದುರಿಗೆ ಕೂರಿಸಿಕೊಂಡೆ. ಪರೀಕ್ಷೆಗೆ ಒಂದೇ ದಿನ ಉಳಿದಿರುವ ದಡ್ಡ ವಿದ್ಯಾರ್ಥಿನಿಯರನ್ನು ಪಾಸು ಮಾಡಿಸಿದ ಅನುಭವ ನನಗಿದೆ. ಇವತ್ತು ಪರಿಮಳದ ಸೋಪು ಬೇಡ, ಪೌಡರು ಬೇಡ, ತಲೆಗೆ ಆ ಮಲ್ಲಿಗೆ ಎಣ್ಣೆ ಬೇಡ. ನನ್ನ ಸೋಪು, ನನ್ನ ವಿಭೂತಿ. ಸಂಜೆ ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಚಿನ್ನ ರನ್ನ ಎನ್ನಬೇಡಿ, ಕೈಯನ್ನು ಮೇಲಿನಿಂದ ಚಾಚಬೇಡಿ. ಮೇಲಿನಿಂದ ಬರುವುದೆಲ್ಲ ಅದಕ್ಕೆ ಹದ್ದು. ಅವರು ಎಲ್ಲಕ್ಕೂ ತಲೆಯಾಡಿಸಿದರು. ಹಣೆಯ ಮೇಲೆ ಮೂರು ಬೆರಳಿನ ಗೆರೆ ಸಾಲದೆಂದು, ಗುಂಡಿಗೆ ಚೆನ್ನಾಗಿ ವಾಸನೆ ಸಿಗಲೆಂದು ಎರಡು ಕೆನ್ನೆಗೂ ಬಳಿದುಕೊಂಡರು. ಹಾಲಿನವನು ಬಾಗಿಲಲ್ಲಿ ಕೈಮುಗಿದ.

ಸಂಜೆ ಐದೂವರೆಗೆ ಕಿಟಕಿಗಳನ್ನು ಮುಚ್ಚಿದೆ. ಜೀರೋ ಬಲ್ಬು ಹಾಕಿದೆ. ಹೆಚ್ಚು ಬೆಳಕಾದರೆ ಗುಂಡಿಗೆ ಕಣ್ಣು ಕುಕ್ಕುತ್ತದೆ. ಗೂಡಿನ ಬಾಗಿಲು ತೆರೆದ ಕೂಡಲೇ ಅದು ಆಕಳಿಸಿ, ಮೈಮುರಿದು, ಪರದೆಯ ಸರಳೇರಿತು. ಯಜಮಾನರು ನನ್ನ ಪಾಠವನ್ನು ಅಕ್ಷರ ಬಿಡದೆ ಪಾಲಿಸಿದರು. ಪಕ್ಕಕ್ಕೆ ನೋಡುತ್ತಾ, ತುಟಿ ಬಿಗಿದುಕೊಂಡು, ಅಂಗೈಯನ್ನು ಕೆಳಗಿನಿಂದ ಚಾಚಿದರು. ಗುಂಡಿ ಒಂದು ಹೆಜ್ಜೆ ಮುಂದೆ ಬಂತು. ಅವರು ಅಂಗೈಯನ್ನು ಇನ್ನೂ ಹತ್ತಿರ ತಂದರು. ಕರಕರ ಸದ್ದು ಶುರುವಾಯಿತು. ಇನ್ನೊಮ್ಮೆ ಚಾಚಿದರು, ಇನ್ನೊಮ್ಮೆ ಕರಕರ. ಅರ್ಧ ಗಂಟೆ ಹೀಗೇ ನಡೆಯಿತು. "ಸಾಕು ಬಿಡು ಗಿರಿಜಾ. ಅದಕ್ಕೂ ಸುಮ್ಮನೆ ಹಿಂಸೆ" ಎಂದು ಅವರು ಸ್ಟೂಲಿನ ಮೇಲೆ ಕೂತರು. ನನಗೆ ನನ್ನ ವಿದ್ಯೆಯ ಮೇಲೆಯೇ ಸಿಟ್ಟು ಬಂತು.

ಆಗ ಸರೋಜಮ್ಮ ಲೋಟ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡರು. ಒಳಗೆ ಹೆಜ್ಜೆ ಇಟ್ಟವರು ಅಲ್ಲೇ ನಿಂತುಬಿಟ್ಟರು.

"ಸೋಮಣ್ಣ, ಅಲುಗಾಡಬೇಡಿ. ಕತ್ತಿನ ಮೇಲೆ ಹಾವಿದೆ."

ಯಜಮಾನರು ಕಲ್ಲಾದರು. ನಾನು ದೊಡ್ಡ ದೀಪ ಹಾಕಿದೆ. ಕತ್ತಿನ ಎರಡೂ ಕಡೆ ಎದೆಯ ಮೇಲೆ ಹಳದಿ ಟೇಪು ಇಳಿಬಿದ್ದಿತ್ತು. ಮೈತುಂಬ ಕಪ್ಪು ಗೆರೆ, ತುದಿಯಲ್ಲಿ ಹೊಳೆಯುವ ತಗಡು.

"ಅಯ್ಯೋ, ಟೇಪಾ" ಎಂದು ಸರೋಜಮ್ಮ ಸಾವರಿಸಿಕೊಂಡರು. "ಮಬ್ಬಲ್ಲಿ ನನಗೇ ಜೀವ ಹೋದಂಗಾಯ್ತು. ಹಾವಾಡಿಗನ ಥರ ನಿಂತ್ಕೊಂಡು ಬಾ ಚಿನ್ನ ಅಂದ್ರೆ ಆ ಮರಿ ಬರುತ್ತಾ?"

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ನಮ್ರತಾಳ ಮನೆಗೆ ಹೋದ ದಿನ ಟೇಪು ಮನೆಯಲ್ಲಿತ್ತು. ಅಲ್ಲಿ ಗುಂಡಿ ತಾನಾಗಿ ಕೈಗೆ ಬಂದಿತ್ತು. ಇಲ್ಲಿ ಪ್ರತಿ ಸಂಜೆ ಮಬ್ಬುಬೆಳಕಿನಲ್ಲಿ, ಅವರು ಕೈ ಚಾಚಿದಾಗಲೆಲ್ಲ, ಹಾವು ತಲೆಯಾಡಿಸುತ್ತಿತ್ತು. ಸೋಪು ಬದಲಿಸಿದವಳಿಗೆ, ಎಣ್ಣೆ ನಿಲ್ಲಿಸಿದವಳಿಗೆ, ಕೆನ್ನೆಯ ತನಕ ವಿಭೂತಿ ಬಳಿಸಿದವಳಿಗೆ ಟೇಪು ಕಾಣಲಿಲ್ಲ. ಮದುವೆಯಾದ ಲಾಗಾಯ್ತು ನೋಡಿದ್ದು ಟೇಪಿನ ಸಮೇತ ಇರುವ ಗಂಡನನ್ನೇ. ಅದು ಅವರ ಮೈಯ ಭಾಗವಲ್ಲ ಎಂಬುದು ಮರೆತೇಹೋಗಿತ್ತು.

"ತೆಗೀರಿ" ಎಂದೆ.

ಯಜಮಾನರು ಕೂಡಲೇ ತೆಗೆಯಲಿಲ್ಲ. ಎರಡೂ ತುದಿ ಹಿಡಿದು ಎದೆಯ ಮೇಲೆ ಸಮ ಮಾಡಿಕೊಂಡರು. ಆಮೇಲೆ ಅಂಗಡಿಯಲ್ಲಿ ಮಾಡುತ್ತಿದ್ದಂತೆಯೇ ಬೆರಳಿಗೆ ಸುತ್ತಿ ಸುರುಳಿ ಮಾಡಿ ಯಂತ್ರದ ಖಾನೆಯಲ್ಲಿಟ್ಟು ಮುಚ್ಚಿದರು. ನಾನು ದೊಡ್ಡ ದೀಪ ಆರಿಸಿದೆ. ಅವರು ಮತ್ತೆ ಪರದೆಯ ಕೆಳಗೆ ಹೋಗಿ, ಯಾವ ಪಾಠವನ್ನೂ ನೆನಪಿಟ್ಟುಕೊಳ್ಳದೆ, ಮೇಲೆ ನೋಡಿ, ತಮ್ಮ ಹಳೆಯ ಅಂಗಡಿಯ ದನಿಯಲ್ಲಿ ಹೇಳಿದರು, "ಕೈ ಚಾಚು ಮರಿ."

ಗುಂಡಿ ತಲೆಯನ್ನು ಆಚೆ ಈಚೆ ಆಡಿಸಿ ದೂರ ಲೆಕ್ಕ ಹಾಕಿತು. ಆಮೇಲೆ ನಾಲ್ಕೂ ಕಾಲು ಚಾಚಿತು. ಮುಂಗಾಲಿಗೂ ಹಿಂಗಾಲಿಗೂ ನಡುವಿನ ಚರ್ಮ ಬಿಚ್ಚಿಕೊಂಡು, ಬಟ್ಟೆ ಒಣಹಾಕುವ ಹಗ್ಗದ ಮೇಲಿಂದ ಕರವಸ್ತ್ರ ಹಾರಿಬಂದಂತೆ ತೇಲಿ ಬಂದು ಅವರ ಎದೆಗೆ ಅಂಟಿತು. ಅಲ್ಲಿಂದ ಹೆಗಲಿಗೆ ಹತ್ತಿತು. ಟೇಪು ಇದ್ದ ಜಾಗವನ್ನು ಒಂದು ಸುತ್ತು ಮೂಸಿ ನೋಡಿ, ನೆತ್ತಿಯನ್ನು ಅವರ ಗಲ್ಲಕ್ಕೆ ಉಜ್ಜಿತು. ಸರೋಜಮ್ಮ ಲೋಟವನ್ನು ಎದೆಗೊತ್ತಿಕೊಂಡು ನಿಂತಿದ್ದರು.

ಯಜಮಾನರು ತುಟಿ ಅಲುಗಿಸದೆ ಕೇಳಿದರು, "ಗಿರಿಜಾ, ಉಸಿರು ಬಿಡ್ಲಾ?"

"ಬಿಡಿ" ಎಂದೆ. ನನ್ನದನ್ನೂ ಬಿಟ್ಟೆ.

ನಮ್ರತಾ ಬಂದಾಗ ಗುಂಡಿ ಅವರ ಅಂಗಿಯೊಳಗೆ ಹೋಗಿ ಕಾಲರಿನಿಂದ ಮೂತಿ ಹೊರಹಾಕಿತ್ತು. ಆಕೆ ತಂದಿದ್ದ ಬುಟ್ಟಿಯನ್ನು ಬಾಗಿಲಲ್ಲೇ ಇಟ್ಟು ನಕ್ಕಳು. "ಅಂಕಲ್, ಸಖತ್. ಇದು ಇನ್ನು ನಿಮ್ಮನ್ನ ಬಿಡಲ್ಲ." ಹೊರಡುವಾಗ ಮಾತ್ರ ಒಂದು ವಿಷಯ ಎತ್ತಿದಳು. "ಆಂಟಿ, ಇವು ಗುಂಪಲ್ಲಿರೋ ಪ್ರಾಣಿ. ನೀವಿಬ್ಬರೂ ಮಲಗಿದ್ಮೇಲೆ ಇದು ಯಾರ ಹತ್ರ ಮಾತಾಡ್ಬೇಕು? ಅದಕ್ಕೇ ಬೊಗಳೋದು. ನನ್ನ ಹತ್ರ ಇನ್ನೊಂದು ಮರಿ ಇದೆ. ನಿಮಗೂ ಒಂದು ಆಗುತ್ತೆ."

ಯಜಮಾನರು ನನ್ನ ಮುಖ ನೋಡಿದರು, ಕಾಲರಿನಿಂದ ಗುಂಡಿಯೂ ನೋಡಿತು.

"ನನಗೆ ಯಾಕಮ್ಮ? ಒಂದಕ್ಕೇ ಮನೆ ಸರ್ಕಸ್ ಆಗಿದೆ. ನನಗೆ ಕೈತುಂಬ ಕೆಲಸ" ಎಂದೆ, ವಾರ್ಡನ್ ದನಿಯಲ್ಲಿ. ಆ ದನಿಗೆ ಎದುರಾಡಿದವರಿಲ್ಲ. ನಮ್ರತಾಳೂ ಎದುರಾಡದೆ ಸ್ಕೂಟರು ಹತ್ತಿದಳು.

ಊಟವಾಯಿತು, ಪಾತ್ರೆ ತೊಳೆದಾಯಿತು, ಗೇಟಿಗೆ ಬೀಗ ಹಾಕಿದ್ದಾಯಿತು. ಗುಂಡಿ ನನ್ನ ಕಡೆ ಒಂದು ಸಲವೂ ಬರಲಿಲ್ಲ. ಯಜಮಾನರ ಹೆಗಲಿಂದ ಹೆಗಲಿಗೆ ಓಡಾಡುತ್ತಾ ಚಿಲಿಪಿಲಿಗುಟ್ಟುತ್ತಿತ್ತು. ಅವರು ಆಗಾಗ ಬರಿಗತ್ತನ್ನು ತಡವಿಕೊಳ್ಳುತ್ತಿದ್ದರು. ಒಂದು ಸಲ ನೋಡಿದರೆ ನನ್ನ ಕೈಯೂ ಸೊಂಟದ ಖಾಲಿ ಸಂಚಿಯನ್ನು ತಡವುತ್ತಿತ್ತು. "ಬೇಕಾದ್ರೆ ಒಂದೈದು ನಿಮಿಷ ಇಟ್ಕೊಳ್ತೀಯಾ?" ಎಂದು ಅವರು ದೊಡ್ಡ ಮನಸ್ಸು ಮಾಡಿ ಕೇಳಿದರು. ಕೇಳಿದ ರೀತಿ ನನಗೆ ಹಿಡಿಸಲಿಲ್ಲ. ನನಗೆ ಕೆಲಸವಿದೆ ಎಂದು ಅಡುಗೆಮನೆಗೆ ಹೋದೆ. ಅಲ್ಲಿ ಯಾವ ಕೆಲಸವೂ ಇರಲಿಲ್ಲ.

ಫೋನು ಅಲ್ಲೇ ಕಟ್ಟೆಯ ಮೇಲಿತ್ತು. ಹಾಸ್ಟೆಲಿನಲ್ಲಿ ಒಂಬತ್ತರ ಮೇಲೆ ಫೋನು ಮುಟ್ಟುವಂತಿರಲಿಲ್ಲ. ನಿಯಮ ಬರೆದವಳು ನಾನೇ. ಗಡಿಯಾರಕ್ಕೆ ಬೆನ್ನು ಮಾಡಿ ನಿಂತು ನಮ್ರತಾಳಿಗೆ ಕರೆ ಮಾಡಿದೆ.

"ಆ ಇನ್ನೊಂದಕ್ಕೆ ಹೆಸರು ಇಟ್ಟಿದ್ದೀಯೇನಮ್ಮ?" ಎಂದು ಪಿಸುಗುಟ್ಟಿದೆ.

"ಇಲ್ಲ ಆಂಟಿ. ಯಾಕೆ?"

"ಇಡಬೇಡ. ಗುಂಡಿ ಅಂದ್ಮೇಲೆ ಅದನ್ನ ಸಿಕ್ಕಿಸೋಕೆ ಕಾಜಾ ಬೇಕಲ್ಲ. ಕಾಜಾ ಅಂತ ನಾನೇ ಇಟ್ಟಾಯ್ತು."

ಹಾಲಿನಿಂದ ಯಜಮಾನರ ದನಿ ಬಂತು, "ಯಾರೇ ಅದು, ಇಷ್ಟು ಹೊತ್ತಲ್ಲಿ?"

"ರಾಂಗ್ ನಂಬರ್ ರೀ" ಎಂದೆ.

ಎಷ್ಟೋ ವರ್ಷ ಎಷ್ಟೋ ಹುಡುಗಿಯರು ಇದೇ ಮಾತನ್ನು ಇದೇ ದನಿಯಲ್ಲಿ ನನಗೆ ಹೇಳಿದ್ದರು. ಯಾರೊಬ್ಬರದನ್ನೂ ನಾನು ನಂಬಿರಲಿಲ್ಲ. ಯಜಮಾನರು ನಂಬಿದರು, ಅಥವಾ ನಂಬಿದಂತೆ ಸುಮ್ಮನಾದರು. ಅಡುಗೆಮನೆಯ ದೀಪ ಆರಿಸಿದೆ. ಆ ದಿನದ ಕೊನೆಯ ಕೆಲಸ ಅದು.